ಸಾವಿರ ನಂಬರಿನ ಪುಟ್ಟ ಲೈಟ್‌ಹೌಸ್ ಮಾಡಿಸಿದರೆ ದುಡ್ಡು ಹುಟ್ಟುತ್ತದೆಯೇ?

ಪ್ರಶ್ನೆ: "ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲೇ ಹತ್ತಿರ. ನನ್ನ ಊರು ಕಾಪು. ಇಲ್ಲಿನ ಕರಾವಳಿಯ ಒಂದು ಹಳೇ ಲೈಟ್‌ಹೌಸ್ ನೋಡಿಕೊಳ್ಳುವ ಸಣ್ಣ ಸಂಘದಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಲೈಟ್‌ಹೌಸಿನ ಕಬ್ಬಿಣದ ಮೆಟ್ಟಿಲಿಗೂ ಮೇಲಿನ ಗ್ಯಾಲರಿಯ ಕಂಬಿಗಳಿಗೂ ತುಕ್ಕು ಹಿಡಿದಿದೆ. ರಿಪೇರಿಗೆ ದುಡ್ಡು ಬೇಕು. ಸಂಘದವರು ಸಾವಿರ ಪುಟ್ಟ ಮಾಡೆಲ್ ಮಾಡಿಸಿ, ನಂಬರ್ ಹಾಕಿ, ಸರ್ಟಿಫಿಕೇಟ್ ಸಮೇತ 'ಲಿಮಿಟೆಡ್ ಎಡಿಷನ್' ಅಂತ 50 ಡಾಲರಿಗೊಂದು ಮಾರೋಣ ಅನ್ನುತ್ತಿದ್ದಾರೆ. 'ಮುಂದೆ ಬೆಲೆ ಏರುತ್ತೆ ಅಂದರೆ ಜನ ಬಿಡದೆ ತಗೋತಾರೆ' ಅನ್ನುವುದು ಖಜಾಂಚಿಯ ಮಾತು. ನನಗೆ ಯಾಕೋ ಹಿಂಜರಿಕೆ. ಇನ್ನೊಂದು ವಿಷಯ. ಪಕ್ಕದ ಮನೆಯ ಹಿರಿಯರು 1990ರ ದಶಕದಲ್ಲಿ ಕೊಂಡ ಸುಮಾರು ಅರುವತ್ತು 'ಹಾರ್ಬರ್ ಲೈಟ್ಸ್' ಮಾಡೆಲ್‌ಗಳನ್ನು ಸಂಘಕ್ಕೆ ಕೊಡುತ್ತೇನೆ ಅಂದಿದ್ದಾರೆ. ಆಗಲೇ 4,000 ಡಾಲರ್ ಹಾಕಿದ್ದರಂತೆ. ಈಗ ಎರಡು ಪಟ್ಟಾದರೂ ಆಗಿರುತ್ತದೆ ಅಂತ ಅವರ ನಂಬಿಕೆ. ಅವರಿಗೆ ಏನು ಹೇಳಲಿ? ಕೊನೆಗೊಂದು ಆಸೆ: ಇದೇ ಥರ ಕಾಪು ಲೈಟ್‌ಹೌಸಿನ ಮಾಡೆಲ್ ಮಾಡಿಸಿ, ಇಲ್ಲಿನ ಕನ್ನಡಿಗರಿಗೆ ಮಾರಿ, ನಾನು ಓದಿದ ಶಾಲೆಗೆ ದುಡ್ಡು ಕಳಿಸಬಹುದಾ?"

ಉತ್ತರ: ನಿಮ್ಮ ಹಿಂಜರಿಕೆ ಸರಿಯಾಗಿಯೇ ಇದೆ. ಹಾಗಂತ ಮಾಡೆಲ್ ಮಾಡಿಸಲೇಬೇಡಿ ಅಂತ ನಾನು ಹೇಳುವುದಿಲ್ಲ. ಸಾವಿರ ಬೇಡ. 'ಬೆಲೆ ಏರುತ್ತೆ' ಅನ್ನುವ ಮಾತಂತೂ ಬೇಡವೇ ಬೇಡ. ಜನರ ಮನೆಗಳಲ್ಲಿ ಸೇರಿಕೊಂಡ ಸಂಗ್ರಹಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಸಂಘ ಸಂಸ್ಥೆಗಳು ಮಾಡಿಸಿದ ನೆನಪಿನ ವಸ್ತುಗಳ ಲೆಕ್ಕವನ್ನೂ ನೋಡುತ್ತೇನೆ. ಹಾಗಾಗಿ ಒಂದೇ ವಸ್ತು ಮಾರಾಟವಾಗುವುದನ್ನೂ ನೋಡುತ್ತೇನೆ, ಇಪ್ಪತ್ತೈದು ವರ್ಷ ಆದಮೇಲೆ ಅದು ಏನಾಗುತ್ತದೆ ಅನ್ನುವುದನ್ನೂ ನೋಡುತ್ತೇನೆ. ನಿಮ್ಮ ಮೊದಲ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಪಕ್ಕದ ಮನೆಯ ಕಪಾಟಿನಲ್ಲಿ ಇರುವುದೇ ನಿಮ್ಮ ಖಜಾಂಚಿಯವರ ಯೋಜನೆಗೆ ಉತ್ತರ.

ಮೊದಲು ಒಂದು ಹಳೇ ಸಂಗತಿ. ಈ ಉಪಾಯ ಹೊಸದೇನಲ್ಲ, ಒಂದು ಕಾಲದಲ್ಲಿ ಇದು ಚೆನ್ನಾಗಿಯೇ ನಡೆದಿತ್ತು. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ 1886ರಿಂದ 1902ರವರೆಗೆ ಸರ್ಕಾರದ ಲೆಕ್ಕದಲ್ಲಿ ಒಂದು ಲೈಟ್‌ಹೌಸ್. ಅಮೆರಿಕದ ಲೈಟ್‌ಹೌಸ್ ಮಂಡಳಿಯೇ ಅದನ್ನು ನೋಡಿಕೊಳ್ಳುತ್ತಿತ್ತು. ಪ್ರತಿಮೆ ಫ್ರಾನ್ಸಿನಿಂದ ಬಂತು, ಅದು ನಿಲ್ಲುವ ಪೀಠಕ್ಕೆ ಮಾತ್ರ ಅಮೆರಿಕದವರೇ ದುಡ್ಡು ಕೂಡಿಸಬೇಕಿತ್ತು. 1885ರಲ್ಲಿ ಅಲ್ಲಿನ ಸಮಿತಿ ಪ್ರತಿಮೆಯ ಪುಟ್ಟ ಮಾಡೆಲ್‌ಗಳನ್ನು ಮಾರಿತು. ಆರು ಇಂಚಿನದು 1 ಡಾಲರ್, ಹನ್ನೆರಡು ಇಂಚಿನದು 5 ಡಾಲರ್. ಅದಕ್ಕೂ ಮುಂಚೆ ಶಿಲ್ಪಿ ಬಾರ್ತೋಲ್ಡಿಯ ಕಡೆಯಿಂದ 200ಕ್ಕೆ ಸೀಮಿತವಾದ ದೊಡ್ಡ ಟೆರಾಕೋಟಾ (ಸುಟ್ಟ ಮಣ್ಣಿನ) ಮಾಡೆಲ್‌ಗಳನ್ನು ಫ್ರಾನ್ಸಿನಲ್ಲಿ 1,000 ಫ್ರಾಂಕ್‌ಗೆ ಮಾರಿದ್ದರು. ಅಂದರೆ ಉಳ್ಳವರಿಗೆ ದುಬಾರಿಯ ಕೆಲವೇ ಮಾಡೆಲ್, ಉಳಿದ ಎಲ್ಲರಿಗೂ ಅಗ್ಗದ ಮಾಡೆಲ್. ಈ ಎರಡು ಮೆಟ್ಟಿಲಿನ ಜೋಡಣೆ ನೆನಪಿರಲಿ. ನಿಮ್ಮ ಸಂಘಕ್ಕೂ ನಾನು ಹೇಳಲಿರುವುದು ಹೆಚ್ಚುಕಡಿಮೆ ಇದನ್ನೇ.

ಆದರೂ ಕೊರತೆ ತುಂಬಿದ್ದು ಮಾಡೆಲ್‌ಗಳಿಂದ ಅಲ್ಲ. ಜೋಸೆಫ್ ಪುಲಿಟ್ಜರ್ ತಮ್ಮ 'ವರ್ಲ್ಡ್' ಪತ್ರಿಕೆಯಲ್ಲಿ, ಎಷ್ಟೇ ಸಣ್ಣ ಮೊತ್ತ ಕೊಟ್ಟರೂ ಕೊಟ್ಟವರ ಹೆಸರು ಅಚ್ಚು ಹಾಕುತ್ತೇವೆ ಅಂದರು. ಆಗ ಒಂದು ಲಕ್ಷಕ್ಕೂ ಜಾಸ್ತಿ ಜನ ಸೇರಿ ಒಂದು ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟರು. ಅದರಲ್ಲಿ ಬಹುಪಾಲು ದೇಣಿಗೆ ಒಂದು ಡಾಲರಿಗಿಂತ ಕಮ್ಮಿಯದು. ಮುಂದೆ ಲಾಭ ಬರುತ್ತದೆ ಅಂತ ಯಾರೂ ಕೊಡಲಿಲ್ಲ. ಪೀಠ ಏಳಬೇಕು, ಅದರಲ್ಲಿ ನಮ್ಮದೂ ಒಂದು ಪಾಲಿರಬೇಕು ಅಂತ ಕೊಟ್ಟರು.

ಹಾಗಾದರೆ ನಂಬರ್, ಸರ್ಟಿಫಿಕೇಟ್, ಬೆಲೆ ಏರಿಕೆ ಇವೆಲ್ಲ ಎಲ್ಲಿಂದ ಬಂದವು? ಸೀಮಿತವಾಗಿ ಮಾಡಿ ನಿಲ್ಲಿಸುವ ಪದ್ಧತಿ ಹಳೆಯದು. ಡೆನ್ಮಾರ್ಕಿನ ಬಿಂಗ್ ಅಂಡ್ ಗ್ರೋಂಡಾಲ್ ಕಂಪನಿ 1895ರಲ್ಲಿ ಮೊದಲ ಕ್ರಿಸ್‌ಮಸ್ ತಟ್ಟೆ ಮಾಡಿದಾಗ, ಆ ವರ್ಷದ ಅಚ್ಚನ್ನು ಒಡೆದುಹಾಕಿತು. ಅಚ್ಚು ಹೋದ ಮೇಲೆ ಇನ್ನೊಂದು ಮಾಡುವ ಹಾಗಿಲ್ಲ. ಅದು ನೇರವಾದ ವ್ಯವಹಾರ. ಆಮೇಲೆ ತಟ್ಟೆಗಳ ವ್ಯಾಪಾರ ಬೆಳೆಯಿತು, ಕೆಲವು ಕಂಪನಿಗಳು 'ಇಷ್ಟು ದಿನ ಮಾತ್ರ ಭಟ್ಟಿಯಲ್ಲಿ ಸುಡುತ್ತೇವೆ' ಅಂತ ಮಿತಿ ಹಾಕತೊಡಗಿದವು. 150 ದಿನದಲ್ಲಿ ಎಷ್ಟು ತಟ್ಟೆ ಸುಡಬಹುದು ಯೋಚಿಸಿ. ಮಿತಿ ಹೆಸರಿಗೆ ಇದೆ, ಎಣಿಕೆ ಮಾತ್ರ ಕೊಳ್ಳುವವರಿಗೆ ಗೊತ್ತಾಗುವುದಿಲ್ಲ.

ನಿಮ್ಮ ಪಕ್ಕದ ಮನೆಯವರ ಹಾರ್ಬರ್ ಲೈಟ್ಸ್ ಅಷ್ಟು ಅಸ್ಪಷ್ಟ ಅಲ್ಲ, ಅದನ್ನು ಹೇಳಲೇಬೇಕು. ಬಿಲ್ ಯಂಗರ್ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಕಂಪನಿ ಅದು. 1991ರ ಹೊತ್ತಿಗೆ ಬಂದ ಮೊದಲಿನ ಮಾಡೆಲ್‌ಗಳು 5,500ರ ಎಡಿಷನ್. ಬೇಡಿಕೆ ಏರಿದ ಮೇಲೆ 9,500, 10,000ದವೂ ಬಂದವು. ಕೈಯಲ್ಲಿ ಬಣ್ಣ ಹಚ್ಚಿದ, ಗೋಪುರದ ಪಕ್ಕದ ಕಾವಲುಗಾರನ ಮನೆಯನ್ನೂ ಬಂಡೆಯನ್ನೂ ಬಿಡದೆ ತೋರಿಸುವ ಒಳ್ಳೆಯ ಕೆಲಸ. ಅವುಗಳನ್ನು ಪ್ರೀತಿಸಿ ಕೊಂಡವರನ್ನು ನಾನು ತಪ್ಪು ಹಿಡಿಯುವುದಿಲ್ಲ. ತೊಂದರೆ ಇರುವುದು ಲೆಕ್ಕದಲ್ಲಿ. ಹಿರಿಯರ ಅರುವತ್ತರಲ್ಲಿ ಒಂದೊಂದೂ 5,500ರದ್ದೇ ಅಂತ ಇಟ್ಟುಕೊಳ್ಳಿ. ಆ ಅರುವತ್ತು ನಮೂನೆಯಲ್ಲೇ ಮೂರು ಲಕ್ಷ ಮೂವತ್ತು ಸಾವಿರ ಮಾಡೆಲ್ ಆಯಿತು. ಅಷ್ಟೂ ಒಂದೇ ಕಾಲದಲ್ಲಿ, ಹೆಚ್ಚುಕಡಿಮೆ ಒಂದೇ ವಯಸ್ಸಿನವರ ಮನೆಗೆ ಹೋದವು.

ಹಳೇ ವಸ್ತುವಿಗೆ ಬೆಲೆ ಬರುವುದು ಅದು ಕಮ್ಮಿ ತಯಾರಾಯಿತು ಅಂತ ಮಾತ್ರ ಅಲ್ಲ, ಕಮ್ಮಿ ಉಳಿಯಿತು ಅಂತ. ಮಕ್ಕಳು ಆಡಿ ಮುರಿದ ತಗಡಿನ ಆಟಿಕೆಗೆ ಇವತ್ತು ಬೆಲೆ ಇದೆ, ಏಕೆಂದರೆ ಯಾರೂ ಅದನ್ನು ಎತ್ತಿಡಲಿಲ್ಲ. 'ಇದು ಮುಂದೆ ಬೆಲೆಬಾಳುತ್ತೆ' ಅಂತ ಹೇಳಿ ಮಾರಿದ ವಸ್ತುವಿನ ಕಥೆ ಬೇರೆ. ಕೊಂಡವರೆಲ್ಲ ಡಬ್ಬಿ, ಥರ್ಮೋಕೋಲ್, ಸರ್ಟಿಫಿಕೇಟ್ ಎಲ್ಲವನ್ನೂ ಜೋಪಾನವಾಗಿ ಇಟ್ಟರು. 5,500ರಲ್ಲಿ ಬಹುಪಾಲು ಹಾಗೇ ಉಳಿದಿವೆ. ಬೆಲೆ ಏರುತ್ತೆ ಅನ್ನುವ ಆ ಮಾತೇ ಬೆಲೆ ಏರದ ಹಾಗೆ ಮಾಡಿತು.

ಇನ್ನೊಂದು ಕಾರಣ ಇಬೇ, ಅಂದರೆ ಯಾರು ಬೇಕಾದರೂ ಹಳೇ ವಸ್ತು ಮಾರಬಹುದಾದ ಆನ್‌ಲೈನ್ ಸಂತೆ. 1995ಕ್ಕೆ ಮುಂಚೆ ಒಂದು ಮಾಡೆಲ್ 'ರಿಟೈರ್' ಆದರೆ, ಅಂದರೆ ತಯಾರಿ ನಿಂತರೆ, ಅದು ನಿಮ್ಮ ಊರಿನ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ವ್ಯಾಪಾರಿ ಬೆಲೆಪಟ್ಟಿ ತೋರಿಸಿ ಎರಡು ಪಟ್ಟು ಕೇಳಿದರೆ ನೀವು ನಂಬಬೇಕಿತ್ತು. ಇಬೇ ಬಂದ ಮೇಲೆ ಅದೇ ಮಾಡೆಲ್ ಓಹಾಯೋದಲ್ಲೂ ಇದೆ, ಮೇನ್‌ನಲ್ಲೂ ಇದೆ ಅಂತ ಎಲ್ಲರಿಗೂ ಕಾಣಿಸಿತು. ಬೀನೀ ಬೇಬಿ ಬೊಂಬೆಗಳ ಭರಾಟೆ ಎದ್ದು ಬಿದ್ದದ್ದೂ ಇದೇ ದಶಕದಲ್ಲಿ. ಈಗ ಆ ಕಾಲದ ಸಂಗ್ರಹಕಾರರು ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗುತ್ತಿದ್ದಾರೆ. ಎಲ್ಲರೂ ಒಟ್ಟಿಗೇ ಮಾರುತ್ತಿದ್ದಾರೆ, ಅವರ ಮಕ್ಕಳಿಗೆ ಕಪಾಟು ಬೇಡ.

ಹಾಗಾಗಿ ಹಿರಿಯರ ವಿಷಯ ನೇರವಾಗಿ ಹೇಳುತ್ತೇನೆ. ಎರಡು ಪಟ್ಟು ಬರುವುದಿಲ್ಲ. ಅವರು ಹಾಕಿದ 4,000 ಡಾಲರ್ ಕೂಡ ಬರುವುದಿಲ್ಲ. ಬಹುಪಾಲು ಮಾಡೆಲ್‌ಗಳು ಕೊಂಡ ಬೆಲೆಯ ಒಂದು ಸಣ್ಣ ಭಾಗಕ್ಕೆ ಹೋಗುತ್ತವೆ. ಕೆಲವೇ ಕೆಲವು ಅದನ್ನು ದಾಟಬಹುದು: ಮೊದಲ ವರ್ಷಗಳವು, ನಂಬರ್ ತೀರಾ ಚಿಕ್ಕದಿರುವವು, ಸಹಿ ಇರುವವು, ಬೇರೆ ಯಾರೂ ಅಷ್ಟಾಗಿ ಮಾಡೆಲ್ ಮಾಡದ ಲೈಟ್‌ಹೌಸ್‌ಗಳವು. ನಿಮ್ಮ ರಾಜ್ಯದ ಪ್ರಸಿದ್ಧ ಕೇಪ್ ಹ್ಯಾಟರಸ್ ಲೈಟ್‌ಹೌಸಿನ ಮಾಡೆಲ್ ಎಲ್ಲೆಂದರಲ್ಲಿ ಸಿಗುತ್ತದೆ. ಯಾರೂ ಹೆಸರೇ ಕೇಳದ ಸರೋವರದ ತೀರದ ಲೈಟ್‌ಹೌಸಿಗೆ ಆ ಊರಿನವರೇ ಹುಡುಕಿಕೊಂಡು ಬರುತ್ತಾರೆ.

ಇದನ್ನು ಅವರಿಗೆ ಹೇಳುವುದು ಹೇಗೆ? ನೀವಾಗಿ ಬೆಲೆ ಹೇಳಬೇಡಿ. ಒಂದು ಸಂಜೆ ಅವರ ಜೊತೆ ಕೂತು ಇಬೇಯಲ್ಲಿ ನೋಡಿ. ಕೇಳುತ್ತಿರುವ ಬೆಲೆ ನೋಡಿ ಪ್ರಯೋಜನವಿಲ್ಲ, ಯಾರು ಎಷ್ಟು ಬೇಕಾದರೂ ಕೇಳಬಹುದು. ಮಾರಾಟವಾಗಿ ಮುಗಿದವುಗಳನ್ನು ಮಾತ್ರ ತೋರಿಸುವ ಆಯ್ಕೆ ಅಲ್ಲೇ ಇದೆ. ಅದನ್ನು ಒತ್ತಿ ಐದಾರು ಮಾಡೆಲ್ ಹುಡುಕಿದರೆ ಅವರಿಗೇ ಅರ್ಥವಾಗುತ್ತದೆ. ಆಮೇಲೆ ಕೊಡುವುದೋ ಇಟ್ಟುಕೊಳ್ಳುವುದೋ ಅವರೇ ತೀರ್ಮಾನ ಮಾಡಲಿ. ದೊಡ್ಡ ಮೊತ್ತ ಕೊಡುತ್ತಿದ್ದೇನೆ ಅಂದುಕೊಂಡು ಕೊಟ್ಟವರಿಗೆ, ಸಂಘ ಎಷ್ಟಕ್ಕೆ ಮಾರಿತು ಅಂತ ಆಮೇಲೆ ಗೊತ್ತಾದರೆ ತುಂಬಾ ನೋವಾಗುತ್ತದೆ. ಇಂಥ ಮನಸ್ತಾಪಗಳನ್ನು ನನ್ನ ಕೆಲಸದಲ್ಲಿ ಬಹಳ ನೋಡಿದ್ದೇನೆ.

ಕೊಡುವುದೇ ಆದರೆ ಒಂದೊಂದನ್ನೂ ಬೆಳಕಿನಲ್ಲಿ ಹಿಡಿದು ನೋಡಿ. ಮೊದಲು ಮುರಿಯುವುದು ಗ್ಯಾಲರಿಯ ಕಂಬಿ, ಗುಮ್ಮಟದ ತುದಿ. ಅಂಟು ಹಾಕಿದ್ದರೆ ಅಲ್ಲೊಂದು ಹೊಳಪಿನ ಗೆರೆ ಕಾಣುತ್ತದೆ. ಕಿಟಕಿ ಬಿಸಿಲಿಗೆ ಇಟ್ಟಿದ್ದರೆ ಬಿಳಿ ಬಣ್ಣ ಹಳದಿಗೆ ತಿರುಗಿರುತ್ತದೆ. ಮಾಡೆಲ್ ಮೇಲಿನ ನಂಬರೂ ಸರ್ಟಿಫಿಕೇಟಿನ ನಂಬರೂ ಒಂದೇ ಇದೆಯಾ ನೋಡಿ. ಧೂಳು ಹೊಡೆಯುವಾಗ ಎಲ್ಲವನ್ನೂ ಒಟ್ಟಿಗೆ ಇಳಿಸಿ ಕಾಗದ ಅದಲುಬದಲಾದ ಮನೆಗಳು ಎಷ್ಟೋ ಇವೆ. ಅರುವತ್ತನ್ನೂ ಒಂದೇ ವಾರ ಇಬೇಗೆ ಹಾಕಬೇಡಿ. ನಾರ್ತ್ ಕೆರೊಲಿನಾದ ಲೈಟ್‌ಹೌಸ್‌ಗಳನ್ನು ಬೇರೆ ತೆಗೆದು, ನಿಮ್ಮ ಸಂಘದ ವಾರ್ಷಿಕ ಕಾರ್ಯಕ್ರಮದಲ್ಲಿ ಒಂದೊಂದಾಗಿ ಹರಾಜು ಹಾಕಿ. ಪ್ರತಿಯೊಂದರ ಪಕ್ಕ ಆ ಲೈಟ್‌ಹೌಸಿನ ಕಥೆ ಬರೆದ ಒಂದು ಕಾರ್ಡ್ ಇಡಿ. ಅಪರಿಚಿತ ಕೊಳ್ಳುವವರು ಹದಿನೈದು ಡಾಲರ್ ಕೊಡುವ ಮಾಡೆಲಿಗೆ, ಆ ಗೋಪುರ ಹತ್ತಿದವರು ನಲವತ್ತು ಕೊಡಬಹುದು.

ತೆರಿಗೆ ವಿಷಯದಲ್ಲಿ ಹಿರಿಯರಿಗೆ ಇರಬಹುದಾದ ತಪ್ಪು ಕಲ್ಪನೆಯೊಂದಿದೆ. ಸಂಘ ಆ ವಸ್ತುವನ್ನು ಮಾರುವುದಾದರೆ, ಇಂಥ ಸಂಗ್ರಹಕ್ಕೆ ಸಿಗುವ ತೆರಿಗೆ ವಿನಾಯಿತಿ ಸಾಮಾನ್ಯವಾಗಿ ಈಗಿನ ಮಾರುಕಟ್ಟೆ ಬೆಲೆ, ಅವರು ಕೊಂಡ ಬೆಲೆ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದಕ್ಕೆ. ಇಲ್ಲಿ ಮಾರುಕಟ್ಟೆ ಬೆಲೆಯೇ ಕಮ್ಮಿ. ವಸ್ತು ರೂಪದ ದೇಣಿಗೆಗಳ ಮೊತ್ತ 500 ಡಾಲರ್ ದಾಟಿದರೆ ಅವರು 8283 ನಂಬರಿನ ಫಾರ್ಮ್ ತುಂಬಬೇಕು. 5,000 ದಾಟಿದರೆ ಅರ್ಹ ಮೌಲ್ಯಮಾಪಕರ ವರದಿ ಬೇಕು, ಒಂದೇ ಬಗೆಯ ವಸ್ತುಗಳನ್ನು ಒಟ್ಟಿಗೆ ಲೆಕ್ಕ ಹಾಕುತ್ತಾರೆ. ನಿಮ್ಮ ಸಂಘ ಕೊಡುವ ರಸೀದಿಯಲ್ಲಿ ಯಾವ ಮಾಡೆಲ್, ಎಷ್ಟು, ಯಾವ ಸ್ಥಿತಿ ಅಂತ ಮಾತ್ರ ಬರೆಯಿರಿ. ಬೆಲೆ ಬರೆಯಬೇಡಿ, ಅದು ಕೊಡುವವರ ಜವಾಬ್ದಾರಿ.

ಈಗ ನಿಮ್ಮ ಸಾವಿರ ಮಾಡೆಲಿನ ಯೋಜನೆಗೆ ಬರೋಣ. ಸುಮ್ನೆ ಒಂದು ಅಂದಾಜು ಲೆಕ್ಕ ಹಾಕುತ್ತೇನೆ, ನಿಮಗೆ ಬರುವ ಕೊಟೇಶನ್ ಇಟ್ಟುಕೊಂಡು ಬದಲಾಯಿಸಿಕೊಳ್ಳಿ. ಮೂಲ ಶಿಲ್ಪ ಮತ್ತು ಅಚ್ಚಿಗೆ 3,500 ಡಾಲರ್ ಆಗಲಿ. ಸಾವಿರ ಮಾಡಿಸಿದರೆ ಎರಕ, ಬಣ್ಣ, ಡಬ್ಬಿ, ಸಾಗಣೆ ಎಲ್ಲ ಸೇರಿ ಒಂದಕ್ಕೆ 22 ಡಾಲರ್ ಅಂತಿರಲಿ. ಒಟ್ಟು 25,500. ತಲಾ 50ರಂತೆ ಮಾರಿದರೆ 510ನೆಯ ಮಾಡೆಲ್ ಹೋಗುವವರೆಗೆ ಲೈಟ್‌ಹೌಸಿಗೆ ಒಂದು ಪೈಸೆಯೂ ಇಲ್ಲ. 400 ಮಾರಿ ನಿಂತುಹೋದರೆ 5,500 ಡಾಲರ್ ನಷ್ಟ, ಜೊತೆಗೆ ಯಾರದೋ ಗ್ಯಾರೇಜಿನಲ್ಲಿ ಆರುನೂರು ಡಬ್ಬಿ. ಸಣ್ಣ ಸಂಘಗಳಲ್ಲಿ ಮೊದಲ ಇನ್ನೂರು ಸಲೀಸಾಗಿ ಹೋಗುತ್ತವೆ, ಏಕೆಂದರೆ ಸದಸ್ಯರೂ ಅವರ ನೆಂಟರೂ ಕೊಳ್ಳುತ್ತಾರೆ. ಅದನ್ನು ನೋಡಿ ಎಲ್ಲರಿಗೂ ಧೈರ್ಯ ಬರುತ್ತದೆ. ಮಾರಾಟ ನಿಲ್ಲುವುದು ಅದರ ನಂತರ. ಕೊಳ್ಳುವ ಮನಸ್ಸಿದ್ದವರು ಅಷ್ಟು ಹೊತ್ತಿಗೆ ಕೊಂಡಾಗಿರುತ್ತದೆ.

ಬದಲಿಗೆ ಇದನ್ನೇ ಮುಂಗಡ ಬುಕಿಂಗ್ ಮೇಲೆ ಮಾಡಿ. ಮೂಲ ಶಿಲ್ಪ ಮಾಡಿಸಿ, ಅದರ ಒಳ್ಳೆಯ ಫೋಟೋ ಹಾಕಿ, ಎರಡು ತಿಂಗಳು ಆರ್ಡರ್ ತಗೊಳ್ಳಿ. ಎಷ್ಟು ಆರ್ಡರ್ ಬಂತೋ ಅಷ್ಟೇ ಎಡಿಷನ್, ಮತ್ತೆ ಆ ಅಚ್ಚಿನಿಂದ ಮಾಡುವುದಿಲ್ಲ ಅಂತ ಬರೆದುಕೊಡಿ. 250 ಆರ್ಡರ್ ಬಂತು ಅಂತಿಟ್ಟುಕೊಳ್ಳಿ. ಸಣ್ಣ ಸಂಖ್ಯೆಯಾದ್ದರಿಂದ ಒಂದಕ್ಕೆ 28 ಡಾಲರ್ ಬಿದ್ದರೂ ಖರ್ಚು 10,500. ಬೆಲೆ 75 ಇಟ್ಟರೆ 18,750 ಬರುತ್ತದೆ. 8,250 ಡಾಲರ್ ಉಳಿಯುತ್ತದೆ, ಗ್ಯಾರೇಜಿನಲ್ಲಿ ಒಂದು ಡಬ್ಬಿಯೂ ಇರುವುದಿಲ್ಲ. ಸಿಲಿಕೋನ್ ಅಚ್ಚುಗಳಿಗೂ ಇದು ಹೊಂದುತ್ತದೆ. ಒಂದೊಂದು ಅಚ್ಚಿನಲ್ಲಿ ಕೆಲವು ಡಜನ್ ರೆಸಿನ್ (ಅಚ್ಚಿನಲ್ಲಿ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಎರಕ ಚೆನ್ನಾಗಿ ಬರುತ್ತವೆ, ಆಮೇಲೆ ಇಟ್ಟಿಗೆಯ ಗೆರೆ, ಕಿಟಕಿಯ ಅಂಚು ಮಸುಕಾಗುತ್ತವೆ. ಕಂಬಿಗಳನ್ನು ಮಾತ್ರ ರೆಸಿನ್‌ನಲ್ಲಿ ಮಾಡಿಸಬೇಡಿ. ಹಿತ್ತಾಳೆಯ ತೆಳು ಹಾಳೆಯಲ್ಲಿ ಕೊರೆದು ಜೋಡಿಸಲಿ, ಇಲ್ಲದಿದ್ದರೆ ಪೋಸ್ಟಿನಲ್ಲೇ ಅರ್ಧ ಮುರಿಯುತ್ತವೆ.

ಇದರಲ್ಲೂ ಅಪಾಯ ಇದೆ. ತಯಾರಕರು ತಡ ಮಾಡಿದರೆ ದುಡ್ಡು ಕೊಟ್ಟವರಿಗೆ ಉತ್ತರ ಹೇಳಬೇಕಾದವರು ನೀವು. ಅಮೆರಿಕದಲ್ಲಿ ಆನ್‌ಲೈನ್ ಆರ್ಡರುಗಳಿಗೆ ನಿಯಮ ಇದೆ: ಹೇಳಿದ ದಿನದೊಳಗೆ, ದಿನ ಹೇಳದಿದ್ದರೆ 30 ದಿನದೊಳಗೆ ಕಳಿಸಬೇಕು. ಆಗದಿದ್ದರೆ ತಿಳಿಸಿ, ದುಡ್ಡು ವಾಪಸ್ ಪಡೆಯುವ ಅವಕಾಶ ಕೊಡಬೇಕು. ಹಾಗಾಗಿ ಧಾರಾಳವಾದ ದಿನಾಂಕ ಹಾಕಿ. ಬುಕಿಂಗ್ ದುಡ್ಡನ್ನು ಬೇರೆ ಖಾತೆಯಲ್ಲಿಡಿ, ಮಾಡೆಲ್ ತಲುಪುವವರೆಗೆ ಅದನ್ನು ಲೈಟ್‌ಹೌಸಿನ ಮೆಟ್ಟಿಲಿನ ರಿಪೇರಿಗೆ ಖರ್ಚು ಮಾಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಆ ತುಕ್ಕು ಹಿಡಿದ ಕಂಬಿ. ರಿಪೇರಿಯಲ್ಲಿ ಅದನ್ನು ಹೇಗೂ ತೆಗೆಯುತ್ತಾರೆ, ಅಲ್ವಾ? ಆ ಕಬ್ಬಿಣದ ಒಂದೊಂದು ಚೂರನ್ನು ಮಾಡೆಲಿನ ಪೀಠದಲ್ಲಿ ಕೂರಿಸಿದರೆ, ನಿಮ್ಮ ಎಡಿಷನ್ ನಿಜವಾಗಿಯೂ ಸೀಮಿತ. ಕಬ್ಬಿಣ ಮುಗಿದರೆ ಮುಗಿಯಿತು. ಯಾರೂ ಇನ್ನೊಂದು ಸಾವಿರ ಅಚ್ಚು ಹಾಕುವ ಹಾಗಿಲ್ಲ. ಯಾರೋ ಮನೆಯಲ್ಲಿ ತ್ರೀಡಿ ಪ್ರಿಂಟರಿನಲ್ಲಿ ಇದೇ ಗೋಪುರ ತೆಗೆದರೂ ಈ ಚೂರು ಅದರಲ್ಲಿ ಇರುವುದಿಲ್ಲ. ನೂರು ಇಲ್ಲವೇ ನೂರೈವತ್ತು ಇಂಥವು ಮಾಡಿ, 250 ಡಾಲರ್ ಅಥವಾ ಅದಕ್ಕೂ ಜಾಸ್ತಿ ಕೊಟ್ಟವರಿಗೆ ಕೊಡಿ. ಲಿಬರ್ಟಿ ಪ್ರತಿಮೆಯ ಆ 200 ಟೆರಾಕೋಟಾಗಳ ಮೆಟ್ಟಿಲು ಇದೇ.

ಇದಕ್ಕೆ ಎರಡು ಎಚ್ಚರ, ಎರಡೂ ದೊಡ್ಡವು. ಮೊದಲನೆಯದು ಸೀಸ. ಹಳೇ ಲೈಟ್‌ಹೌಸ್‌ಗಳಿಗೆ ದಶಕಗಟ್ಟಲೆ ಸೀಸ ಬೆರೆತ ಬಣ್ಣ ಬಳಿದಿದ್ದಾರೆ. ಬಣ್ಣದ ಚಕ್ಕೆಯನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಡುವ ಯೋಚನೆ ಯಾರಿಗಾದರೂ ಬಂದರೆ ಅಲ್ಲೇ ನಿಲ್ಲಿಸಿ. ಕಬ್ಬಿಣವನ್ನೂ ಸೀಸದ ಬಣ್ಣ ತೆಗೆಯಲು ಪರವಾನಗಿ ಇರುವವರಿಂದಲೇ ಶುದ್ಧ ಮಾಡಿಸಿ, ಪರೀಕ್ಷೆ ಮಾಡಿಸಿ, ಮೇಲೆ ಗಟ್ಟಿ ಲೇಪ ಹಾಕಿಸಿ. ಸ್ವಯಂಸೇವಕರು ಮನೆಯಲ್ಲಿ ಉಜ್ಜುವ ಕೆಲಸ ಇದಲ್ಲ, ಮಕ್ಕಳಿರುವ ಮನೆಯಲ್ಲಂತೂ ಬೇಡ. ಎರಡನೆಯದು ಒಡೆತನ. ಗೋಪುರ ಯಾರದ್ದು? ಕರಾವಳಿ ಕಾವಲು ಪಡೆಯದೋ, ರಾಷ್ಟ್ರೀಯ ಉದ್ಯಾನ ಇಲಾಖೆಯದೋ, ಊರಿನದೋ? 2000ದ ಲೈಟ್‌ಹೌಸ್ ಸಂರಕ್ಷಣಾ ಕಾಯ್ದೆಯ ನಂತರ ಎಷ್ಟೋ ಲೈಟ್‌ಹೌಸ್‌ಗಳು ಸ್ಥಳೀಯ ಸಂಸ್ಥೆಗಳ ಕೈಗೆ ಬಂದಿವೆ, ಆದರೆ ಕಾಪಾಡುವ ಷರತ್ತುಗಳೂ ಜೊತೆಗೇ ಬಂದಿವೆ. ತೆಗೆದ ಕಬ್ಬಿಣವನ್ನು ಬಳಸಲು ಒಡೆಯರಿಂದ ಲಿಖಿತ ಒಪ್ಪಿಗೆ ಬೇಕು. ರಾಜ್ಯದ ಪಾರಂಪರಿಕ ಕಟ್ಟಡಗಳ ಕಚೇರಿಯನ್ನೂ ಮೊದಲೇ ಕೇಳಿ. ಮಾದರಿಗೆ ಅಂತ ಎರಡು ಒಳ್ಳೆಯ ಕಂಬಿ ಅವರು ಉಳಿಸಿಕೊಳ್ಳಬೇಕು ಅಂದರೆ ಉಳಿಸಿಕೊಳ್ಳಲಿ.

ಎಲ್ಲರಿಗೂ ಎಟುಕುವ ಇನ್ನೊಂದು ಮೆಟ್ಟಿಲೂ ಇರಲಿ. ಹತ್ತು ಡಾಲರಿನ ಮರದ ತೂಗುಬೊಂಬೆ, ಫ್ರಿಜ್ ಮೇಲಿನ ಮ್ಯಾಗ್ನೆಟ್. ಇವುಗಳಿಗೆ ನಂಬರ್ ಬೇಡ, ಮಿತಿ ಬೇಡ. ಅಮೆರಿಕದ ಲೈಟ್‌ಹೌಸ್ ಸೊಸೈಟಿಯ ಪಾಸ್‌ಪೋರ್ಟ್ ಯೋಜನೆ ನೋಡಿದ್ದೀರಾ? ಪುಟ್ಟ ಪುಸ್ತಕ ಹಿಡಿದು ಜನ ಲೈಟ್‌ಹೌಸಿಂದ ಲೈಟ್‌ಹೌಸಿಗೆ ಹೋಗಿ ಮುದ್ರೆ ಒತ್ತಿಸಿಕೊಳ್ಳುತ್ತಾರೆ, ಸಣ್ಣ ದೇಣಿಗೆ ಕೊಡುತ್ತಾರೆ. ಮುದ್ರೆಗೆ ಆಗುವ ಖರ್ಚು ಏನೂ ಇಲ್ಲ ಅಂತಲೇ ಹೇಳಬಹುದು. ಆ ಜನವೇ ನಿಮ್ಮ ಮಾಡೆಲ್ ಕೊಳ್ಳುವವರು. ಅವರ ವಿಳಾಸ ನಿಮ್ಮ ಹತ್ತಿರ ಇಲ್ಲದಿದ್ದರೆ ಮೊದಲು ಆ ಕೆಲಸ ಆಗಲಿ.

ಯಾವುದಾದರೂ ಕಂಪನಿಯೇ ಮಾಡೆಲ್ ಮಾಡಿ ಮಾರಿ ನಿಮಗೆ ಪಾಲು ಕೊಡುತ್ತೇವೆ ಅಂದರೂ ತಪ್ಪೇನಿಲ್ಲ, ಬಂಡವಾಳ ಅವರದ್ದು. ಆದರೆ 'ಲಾಭದ ಒಂದು ಭಾಗ' ಅನ್ನುವ ಮಾತಿಗೆ ಒಪ್ಪಬೇಡಿ. ಒಂದು ಮಾಡೆಲಿಗೆ ಇಷ್ಟು ಡಾಲರ್ ಅಂತ ಒಪ್ಪಂದದಲ್ಲೂ ಡಬ್ಬಿಯ ಮೇಲೂ ಬರಲಿ. ದಾನದ ಹೆಸರು ಹೇಳಿ ಮಾರುವ ಕಂಪನಿಗಳಿಗೆ ಕೆಲವು ರಾಜ್ಯಗಳಲ್ಲಿ ನೋಂದಣಿ, ಲಿಖಿತ ಒಪ್ಪಂದ ಎರಡೂ ಕಡ್ಡಾಯ.

ಕಾನೂನಿನ ಉಳಿದ ಮಾತು ಬೇಗ ಹೇಳಿಬಿಡುತ್ತೇನೆ. 1990ರ ಡಿಸೆಂಬರಿಗಿಂತ ಮುಂಚೆ ಕಟ್ಟಿದ ಕಟ್ಟಡದ ವಿನ್ಯಾಸಕ್ಕೆ ಅಮೆರಿಕದಲ್ಲಿ ಕಟ್ಟಡದ ಕಾಪಿರೈಟ್ ಇಲ್ಲ, ಹಾಗಾಗಿ ಹಳೇ ಗೋಪುರದ ಮಾಡೆಲ್ ನೀವು ಮಾಡಿಸಬಹುದು. ಆದರೆ ಪಕ್ಕದ ಮನೆಯ ಹಾರ್ಬರ್ ಲೈಟ್ಸ್ ಮಾಡೆಲಿನಿಂದ ಅಚ್ಚು ತೆಗೆಯುವ ಹಾಗಿಲ್ಲ, ಅದು ಇನ್ನೊಬ್ಬರ ಶಿಲ್ಪ. ಶಿಲ್ಪಿಗೆ ಹಳೇ ನಕ್ಷೆ, ಫೋಟೋ ಕೊಡಿ. ಕಾವಲು ಪಡೆಯ ಲಾಂಛನ, ಉದ್ಯಾನ ಇಲಾಖೆಯ ಬಾಣದ ತುದಿಯ ಗುರುತು ಇವನ್ನು ಒಪ್ಪಿಗೆ ಇಲ್ಲದೆ ಹಾಕಬೇಡಿ. 75 ಡಾಲರಿಗಿಂತ ಜಾಸ್ತಿ ತಗೊಂಡು ಬದಲಿಗೆ ಮಾಡೆಲ್ ಕೊಟ್ಟರೆ, ಅದರ ಮಾರುಕಟ್ಟೆ ಬೆಲೆ ಇಷ್ಟು, ಅದನ್ನು ಕಳೆದು ಉಳಿದದ್ದು ಮಾತ್ರ ದೇಣಿಗೆ ಅಂತ ಬರೆದುಕೊಡಬೇಕು. 250 ಕೊಟ್ಟವರಿಗೆ 60 ಡಾಲರಿನ ಮಾಡೆಲ್ ಕೊಟ್ಟರೆ ದೇಣಿಗೆ 190. ಮಾರಾಟದ ತೆರಿಗೆಯ ಬಗ್ಗೆ ರಾಜ್ಯದ ಇಲಾಖೆಯಲ್ಲಿ ಕೇಳಿ.

'ಬೆಲೆ ಏರುತ್ತೆ' ಅನ್ನುವ ಮಾತನ್ನು ಖಜಾಂಚಿ ಬಿಡಲು ಒಪ್ಪದಿದ್ದರೆ ಈ ಲೆಕ್ಕ ತೋರಿಸಿ. ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್‌ನ ಹೈಲ್ಯಾಂಡ್ ಲೈಟ್ ಅನ್ನುವ ಲೈಟ್‌ಹೌಸನ್ನು 1996ರಲ್ಲಿ ಸಮುದ್ರದ ಅಂಚಿನಿಂದ 450 ಅಡಿ ಒಳಗೆ ಸರಿಸಿದರು. ಟ್ರೂರೋ ಊರಿನ ಇತಿಹಾಸ ಸಂಘದವರು ಟೀ ಶರ್ಟು, ನೆನಪಿನ ವಸ್ತು ಮಾರಿ 1,50,000 ಡಾಲರಿಗೂ ಮಿಕ್ಕಿ ಕೂಡಿಸಿದ್ದರು. ಕೇಂದ್ರದಿಂದ ಹತ್ತು ಲಕ್ಷ, ರಾಜ್ಯದಿಂದ ಐದು ಲಕ್ಷ ಬಂತು. ಒಟ್ಟು ಮೊತ್ತದಲ್ಲಿ ವಸ್ತು ಮಾರಿದ ದುಡ್ಡು ಹತ್ತರಲ್ಲಿ ಒಂದು ಪಾಲಿಗೂ ಕಮ್ಮಿ. ಕೇಪ್ ಹ್ಯಾಟರಸ್ ಅನ್ನು 1999ರಲ್ಲಿ 2,900 ಅಡಿ ಸರಿಸಲು ಸುಮಾರು 1 ಕೋಟಿ 18 ಲಕ್ಷ ಡಾಲರ್ ಬೇಕಾಯಿತು. ಅದು ಮಾಡೆಲ್ ಮಾರಿ ಆಗುವ ಕೆಲಸವೇ ಅಲ್ಲ. ಆದರೂ ಟ್ರೂರೋದವರ ಆ ಸಣ್ಣ ಪಾಲು ವ್ಯರ್ಥ ಅಂತ ನಾನು ಅಂದುಕೊಂಡಿಲ್ಲ. ಊರಿನ ಇಷ್ಟು ಜನ ಕೈಯಿಂದ ಕೊಟ್ಟಿದ್ದಾರೆ ಅಂತ ತೋರಿಸಲು ಅವರ ಹತ್ತಿರ ಪಟ್ಟಿ ಇತ್ತು. ಅನುದಾನಕ್ಕೆ ಅರ್ಜಿ ಹಾಕುವಾಗ ನಿಮಗೂ ಬೇಕಾಗುವುದು ಅದೇ. 250 ಮಾಡೆಲ್ ಕೊಂಡವರ ಹೆಸರು, ಊರು, ಅವರು ಬರೆದ ಎರಡು ಸಾಲು, ಎಲ್ಲ ಜೋಪಾನವಾಗಿ ಇಡಿ. ನನ್ನ ಲೆಕ್ಕದಲ್ಲಿ ಅದು 8,250 ಡಾಲರಿಗಿಂತ ದೊಡ್ಡದು.

ಕೊನೆಗೆ ಕಾಪು. 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ, ಕಪ್ಪು ಬಿಳಿ ಪಟ್ಟೆಯ ಆ ಗೋಪುರ ಮಾಡೆಲಿಗೆ ಹೇಳಿ ಮಾಡಿಸಿದ ಹಾಗಿದೆ. ಅದನ್ನು ರೆಸಿನ್‌ನಲ್ಲಿ ಮಾಡಿಸಬೇಡಿ, ಚನ್ನಪಟ್ಟಣದಲ್ಲಿ ಮಾಡಿಸಿ. ಅಲ್ಲಿ ಮರವನ್ನು ತಿರುಗಿಸಿ ಕಡೆಯುತ್ತಾರೆ, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಹಾಗಾಗಿ ಅಡ್ಡ ಪಟ್ಟೆ ಅವರಿಗೆ ಸಲೀಸು. ಹ್ಯಾಟರಸ್‌ನ ಸುರುಳಿ ಪಟ್ಟೆಯನ್ನೋ ಕೇಪ್ ಲುಕೌಟ್‌ನ ವಜ್ರದಾಕಾರವನ್ನೋ ಹೀಗೆ ಮಾಡಲಾಗದು, ಕಾಪುವಿನ ಪಟ್ಟೆ ಮಾಡಬಹುದು. ಚನ್ನಪಟ್ಟಣದ ಆಟಿಕೆಗೆ ಜಿಐ ಗುರುತು (ಊರಿನ ಹೆಸರಿಗೆ ಕಾನೂನಿನ ರಕ್ಷಣೆ) ಇದೆ, ಆ ಹೆಸರು ಹಾಕುವುದಾದರೆ ಅಲ್ಲಿನ ನೋಂದಾಯಿತ ಕುಶಲಕರ್ಮಿಗಳಿಂದಲೇ ಕೊಳ್ಳಿ.

ದುಡ್ಡು ಕಳಿಸುವುದು ಮಾತ್ರ ಮಾಡೆಲ್ ಮಾಡಿಸಿದಷ್ಟು ಸುಲಭ ಅಲ್ಲ. ಮೊದಲನೆಯದಾಗಿ, ಇದನ್ನು ನಿಮ್ಮ ಲೈಟ್‌ಹೌಸ್ ಸಂಘದ ಹೆಸರಿನಲ್ಲಿ ಮಾಡಬೇಡಿ. ಆ ಸಂಘಕ್ಕೆ ಬಂದ ದುಡ್ಡು ಆ ಲೈಟ್‌ಹೌಸಿನದು. ಎರಡನೆಯದು ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಭಾರತದ ಎಫ್‌ಸಿಆರ್‌ಎ ಕಾಯ್ದೆ. ಅಮೆರಿಕದ ಸಂಘದಿಂದ ಅಥವಾ ಅಮೆರಿಕದ ಪೌರತ್ವ ಪಡೆದವರಿಂದ ಬರುವ ದೇಣಿಗೆ ವಿದೇಶಿ ದೇಣಿಗೆ, ಅವರ ಹತ್ತಿರ ಓಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇದ್ದರೂ ಅಷ್ಟೇ. ಅದನ್ನು ಪಡೆಯಲು ಶಾಲೆ ನಡೆಸುವ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ದುಡ್ಡು ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಹತ್ತಾರು ಜನರಿಂದ ಕೂಡಿಸಿದ ದುಡ್ಡನ್ನು ನಿಮ್ಮ ಉಳಿತಾಯ ಅಂತ ಕಳಿಸಬೇಡಿ. ತೊಂದರೆಯಾಗುವುದು ನಿಮಗಿಂತ ಜಾಸ್ತಿ ಶಾಲೆಗೆ. ಹಾಗಾಗಿ ಚನ್ನಪಟ್ಟಣಕ್ಕೆ ಆರ್ಡರ್ ಕೊಡುವ ಮುಂಚೆ ಶಾಲೆಯ ಆಡಳಿತ ಮಂಡಳಿಗೆ ಫೋನ್ ಮಾಡಿ, ನೋಂದಣಿ ಇದೆಯಾ, ಈಗಲೂ ಚಾಲ್ತಿಯಲ್ಲಿದೆಯಾ ಕೇಳಿ. ಇಲ್ಲ ಅಂದರೆ ಮಾಡೆಲ್‌ಗಳನ್ನು ಊರಿನಲ್ಲೇ, ಶಾಲೆಯ ಹಳೇ ವಿದ್ಯಾರ್ಥಿಗಳಿಗೆ, ಅಲ್ಲಿನವರೇ ಮಾರಲಿ. ಮೂಲ ನಮೂನೆ ಮಾಡಿಸುವ ಖರ್ಚನ್ನು ನೀವೇ ಚನ್ನಪಟ್ಟಣದವರಿಗೆ ನೇರವಾಗಿ ಕೊಡಿ.